ಕ್ಷೌರದ ಸೋಪು, ಎಂಟನೆಯ ಬ್ಯಾಚ್: ಕಳ್ಳ ನಲ್ಲಿಯಲ್ಲಿದ್ದ

ಕತ್ತಿನ ಎಡಭಾಗ, ದವಡೆಯ ಮೂಳೆಯಿಂದ ಮೂರು ಬೆರಳು ಕೆಳಗೆ. ಎರಡು ವರ್ಷದಿಂದ ನನ್ನ ಜಗಳವೆಲ್ಲ ಆ ಜಾಗದ ಜೊತೆಗೆ. ಕ್ಷೌರ ಮುಗಿದ ಹತ್ತು ನಿಮಿಷಕ್ಕೆ ಉರಿ, ಮಧ್ಯಾಹ್ನಕ್ಕೆ ಕೆಂಪು, ಮರುದಿನ ಬೆಳಿಗ್ಗೆ ಸಾಸಿವೆ ಕಾಳಿನಂಥ ಗುಳ್ಳೆಗಳು. ಶರ್ಟಿನ ಕಾಲರ್ ತಗುಲಿದರೂ ಜೀವ ಹೋಗುತ್ತಿತ್ತು. ಮನೆಯ ನೀರಿನಲ್ಲೇ ಕ್ಷೌರ ಮಾಡಿಕೊಂಡರೂ ಈ ವಾರ ಮೊದಲ ಬಾರಿಗೆ ಆ ಜಾಗ ತಣ್ಣಗಿದೆ. ಆ ಖುಷಿಗೆ ನಿದ್ದೆ ಬಾರದೆ ಬರೆಯಲು ಕುಳಿತಿದ್ದೇನೆ.

ಮನೆಯಲ್ಲೇ ನಾನು ಕಾಯಿಸುವ ಕ್ಷೌರದ ಸೋಪಿನ ಮೊದಲ ಆರು ಬ್ಯಾಚ್‌ಗಳನ್ನು ಬೇಗ ದಾಟುತ್ತೇನೆ. ಮೂರನೆಯದರಲ್ಲಿ ಸುಗಂಧವನ್ನು ಪೂರ್ತಿ ಬಿಟ್ಟೆ. ನಾಲ್ಕನೆಯದರಲ್ಲಿ ಮುರುಗಲ ತುಪ್ಪ ಸೇರಿಸಿದೆ. ಐದು ಅಲಗಿನ ರೇಜರ್ ಬಿಟ್ಟು ಒಂದೇ ಬ್ಲೇಡಿನ ಸೇಫ್ಟಿ ರೇಜರ್‌ಗೆ ಬಂದೆ. ಹಲವು ಅಲಗುಗಳಿದ್ದರೆ ಮೊದಲಿನದು ಕೂದಲನ್ನು ಎಳೆಯುತ್ತದೆ, ಹಿಂದಿನದು ಕತ್ತರಿಸುತ್ತದೆ, ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಜಾರುತ್ತದೆ. ಗುಂಗುರು ಕೂದಲಿನವರಿಗೆ ಅದು ಒಳಗೇ ಬಾಗಿ ಚುಚ್ಚುತ್ತದೆ. ಎರಡು ದಿನದ ಗಡ್ಡದ ಮೇಲೆ ಬೆರಳು ಸವರಿ ಕೂದಲು ಮಲಗುವ ದಿಕ್ಕನ್ನೂ ಗುರುತಿಸಿಕೊಂಡೆ. ಎಡಗಡೆ ಅದು ಸುಳಿಯಾಗಿ ಕಿವಿಯ ಕಡೆಗೆ ತಿರುಗುತ್ತದೆ, ಹಾಗಾಗಿ ಅಲ್ಲಿ ಬ್ಲೇಡು ಮೇಲಿನಿಂದ ಕೆಳಗೆ ಹೋಗಲೇಬಾರದು. ಇಷ್ಟೆಲ್ಲ ಮಾಡಿದ ಮೇಲೆ ಉರಿ ಅರ್ಧಕ್ಕೆ ಇಳಿಯಿತು. ಉಳಿದರ್ಧ ಮಾತ್ರ ಜಗ್ಗಲಿಲ್ಲ.

ದೀಪಾವಳಿಗೆ ಸಕಲೇಶಪುರದ ಕಡೆಯ ನಮ್ಮ ಊರಿಗೆ ಹೋಗಿದ್ದೆ. ದೊಡ್ಡಪ್ಪ ಬಾಗಿಲಲ್ಲೇ ನನ್ನ ಕತ್ತು ನೋಡಿ, "ಏನೋ ಇದು, ಕಂಬಳಿಹುಳು ಹರಿದಿದೆಯಾ?" ಎಂದರು. ನಾಲ್ಕು ದಿನ ಅಲ್ಲಿಯೇ ಕ್ಷೌರ ಮಾಡಿಕೊಂಡೆ. ಅದೇ ಆರನೆಯ ಬ್ಯಾಚಿನ ಸೋಪು, ಅದೇ ಬ್ರಷ್, ಅದೇ ಬ್ಲೇಡು. ಮೂರನೆಯ ದಿನ ಕಾಫಿ ಕುಡಿಯುತ್ತಾ ಕತ್ತು ಮುಟ್ಟಿಕೊಂಡರೆ ಉರಿಯೇ ಇಲ್ಲ! ದೊಡ್ಡಪ್ಪನ ಪ್ರಕಾರ ಅದು ಊರಿನ ಗಾಳಿಯ ಗುಣ. ನನಗೆ ಹೊಳೆದದ್ದು ಬಟ್ಟಲು ತೊಳೆಯುವಾಗ. ಹಾಸನದ ಮನೆಯಲ್ಲಿ ನೊರೆ ಕಲಸಿದ ಬಟ್ಟಲಿನ ಅಂಚಿಗೆ ಒಡೆದ ಹಾಲಿನಂಥ ಬೂದು ಗಷ್ಟು ಅಂಟಿರುತ್ತದೆ, ಉಜ್ಜಿದರೂ ಬಿಡುವುದಿಲ್ಲ. ಇಲ್ಲಿ ಒಂದು ಚೊಂಬು ನೀರು ಸುರಿದರೆ ಬಟ್ಟಲು ಕನ್ನಡಿ.

ಹಾಸನದಲ್ಲಿ ನಮ್ಮ ಬಡಾವಣೆಗೆ ಹೇಮಾವತಿ ನೀರು ಬರುವುದು ಅಪರೂಪ; ಬಚ್ಚಲಿಗೆಲ್ಲ ಕೊಳವೆಬಾವಿಯದೇ. ಗೀಸರಿನ ಒಳಗೆ ಸುಣ್ಣ ಕಟ್ಟುವುದನ್ನು ವರ್ಷಗಳಿಂದ ನೋಡುತ್ತಲೇ ಇದ್ದೆ, ಅದೇ ನೀರನ್ನು ಮುಖಕ್ಕೂ ಹಾಕಿಕೊಳ್ಳುತ್ತಿದ್ದೇನೆ ಎಂಬುದನ್ನು ಮಾತ್ರ ಜೋಡಿಸಿ ನೋಡಿರಲಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಸ್ಟಿಯರೇಟಿನೊಂದಿಗೆ ಸೇರಿ ಕರಗದ ಗಷ್ಟಾಗುತ್ತದೆ. ಆ ಸ್ಟಿಯರೇಟ್ ಬರುವುದು ಸ್ಟಿಯರಿಕ್ ಎಂಬ ಕೊಬ್ಬಿನ ಆಮ್ಲದಿಂದ, ನಮ್ಮ ಸೋಪಿನಲ್ಲಿ ಅರ್ಧಕ್ಕರ್ಧ ಅದೇ. ನೊರೆಯಾಗಬೇಕಾದ ಸೋಪಿನ ಒಂದು ಪಾಲು ಬಟ್ಟಲಿನಲ್ಲೇ ಗಷ್ಟಾಗಿ ಹೋಗುತ್ತದೆ. ಉಳಿದ ತೆಳು ನೊರೆಯ ಮೇಲೆ ಬ್ಲೇಡು ಜಾರದೆ ಕೆರೆಯುತ್ತದೆ. ಆಮೇಲೆ ಎಷ್ಟು ತೊಳೆದರೂ ಆ ಗಷ್ಟು ಕೆರೆದ ಚರ್ಮದ ಮೇಲೆಯೇ ಕೂರುತ್ತದೆ. ಚರ್ಮ ತುಸು ಆಮ್ಲದ ಕಡೆಗೆ, ಅದರ ಪಿಎಚ್ 5ರ ಆಸುಪಾಸು; ಸೋಪು ಕ್ಷಾರ, ಅದರದು 9ರಿಂದ 10. ಅಂಥದ್ದು ಕತ್ತಿನ ಮೇಲೆ ಉಳಿದರೆ ಉರಿಯದೆ ಇನ್ನೇನು?

ಊರಿನ ಬಾವಿಯಿಂದ ಐದು ಲೀಟರಿನ ಎರಡು ಕ್ಯಾನ್ ತುಂಬಿಸಿಕೊಂಡು ಬಂದೆ. ಬಸ್ಸಿನ ಕಂಡಕ್ಟರ್ ತೀರ್ಥವೇ ಎಂದು ಕೇಳಿದರು. ಎಂಟು ದಿನ ಕತ್ತಿನ ಎಡಕ್ಕೆ ಬಾವಿಯ ನೀರು, ಬಲಕ್ಕೆ ಕೊಳವೆಬಾವಿಯ ನೀರು. ನೊರೆ ಕಲಸಲೂ ತೊಳೆಯಲೂ ಅದದೇ. ನಂತರದ ಎಂಟು ದಿನ ಅದಲು ಬದಲು. ಸುಳಿ ಇರುವುದು ಎಡಕ್ಕೆ, ಆದ್ದರಿಂದ ಬದಲಾಯಿಸದಿದ್ದರೆ ಲೆಕ್ಕ ಪಕ್ಕಾ ಆಗುತ್ತಿರಲಿಲ್ಲ. ಉರಿ ಎರಡು ಸಲವೂ ಕೊಳವೆಬಾವಿಯ ಹಿಂದೆಯೇ ಹೋಯಿತು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಹನಿ ಪರೀಕ್ಷೆಯ ಕಿಟ್ ತಂದು ಅಳೆದಾಗ ನಮ್ಮ ನೀರಿನ ಗಡಸುತನ ಲೀಟರಿಗೆ 400 ಮಿಲಿಗ್ರಾಂ ದಾಟಿತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು 200, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ. ಟಿಡಿಎಸ್ ಮೀಟರನ್ನು ನಂಬಿ ಕೂರಬೇಡಿ, ಅದು ಕರಗಿದ್ದನ್ನೆಲ್ಲ ಒಟ್ಟಿಗೆ ಎಣಿಸುತ್ತದೆ, ಗಡಸುತನವನ್ನು ಬೇರ್ಪಡಿಸುವುದಿಲ್ಲ.

ಪ್ರತಿ ವಾರ ಸಕಲೇಶಪುರದಿಂದ ನೀರು ಹೊರಲಾಗದು. ಸೋಪಿನೊಳಗೇ ಸಿಟ್ರೇಟ್ ಇದ್ದರೆ ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಏಳನೆಯ ಬ್ಯಾಚಿನ 500 ಗ್ರಾಂ ಕೊಬ್ಬಿಗೆ 10 ಗ್ರಾಂ ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು, ಹಾಕಿದೆ. ನೊರೆ ಸತ್ತೇ ಹೋಯಿತು. ಬ್ರಷ್ ತಿರುಗಿಸಿದರೆ ಮಜ್ಜಿಗೆಯ ಮೇಲಿನ ಗುಳ್ಳೆಯಷ್ಟೂ ಇಲ್ಲ, ಬೆರಳಿಗೆ ಬರೀ ಜಿಡ್ಡು. ಎರಡು ದಿನ ಅನ್ನ ರುಚಿಸಲಿಲ್ಲ. ಮೂರನೆಯ ದಿನ ಲೆಕ್ಕದ ಹಾಳೆ ತೆಗೆದಾಗ ಸಿಕ್ಕಿತು: 10 ಗ್ರಾಂ ಸಿಟ್ರಿಕ್ ಆಮ್ಲವೇ ಸಿಟ್ರೇಟ್ ಆಗುವಾಗ 8.8 ಗ್ರಾಂ ಶುದ್ಧ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು, ಅಂದರೆ ಕೊಬ್ಬನ್ನು ಸೋಪಾಗಿಸುವ ಕ್ಷಾರವನ್ನು, ನುಂಗುತ್ತದೆ. ಅಷ್ಟು ಕ್ಷಾರವನ್ನು ನಾನು ಹೆಚ್ಚಿಗೆ ಹಾಕಿರಲಿಲ್ಲ. ಶೇ. 4 ಇರಬೇಕಿದ್ದ ಸೂಪರ್‌ಫ್ಯಾಟ್, ಅಂದರೆ ಸೋಪಾಗದೆ ಉಳಿಯುವ ಕೊಬ್ಬು, ಶೇ. 12ಕ್ಕೆ ಏರಿತ್ತು.

ಇಲ್ಲಿ ಕ್ಷಾರ ಮಾರುವವರ ಬಗ್ಗೆ ಒಂದು ಮಾತು. ಪೊಟ್ಟಣದ ಮೇಲೆ ಶುದ್ಧತೆ ಎಷ್ಟೆಂದು ಬರೆಯದೆ ಹೇಗೆ ಮಾರುತ್ತಾರೆ? ಈ ಕ್ಷಾರ ಶೇ. 85ರಿಂದ 90 ಇರುವುದು ಸಾಮಾನ್ಯ, ಆ ಐದರ ವ್ಯತ್ಯಾಸದಲ್ಲಿ ಒಬ್ಬನ ಕೆನ್ನೆ ಸುಡಬಹುದು. ಫೋನಿನಲ್ಲಿ ಕೇಳಿದರೆ "ಒಳ್ಳೆಯ ಕ್ವಾಲಿಟಿ ಸಾರ್" ಎಂಬ ಉತ್ತರ. ಬಂದ ಪೊಟ್ಟಣವೋ ತೂತಾಗಿ, ತೇವ ಹೀರಿ, ಬೆಲ್ಲದ ಅಚ್ಚಿನಂತೆ ಗಟ್ಟಿಯಾಗಿತ್ತು. ಹಿಂದಿರುಗಿಸಿದೆ. ಶುದ್ಧತೆ ಶೇ. 90 ಎಂದು ಅಚ್ಚು ಹಾಕಿದ ಡಬ್ಬಿಗೆ ಎರಡರಷ್ಟು ಹಣ ತೆತ್ತೆ. 8.8ರ ಬದಲು ಅದರಿಂದ 9.7 ಗ್ರಾಂ ಸೇರಿಸಿ ಎಂಟನೆಯ ಬ್ಯಾಚ್ ಕಾಯಿಸಿದೆ.

ಅರಸೀಕೆರೆ ಕೊಬ್ಬರಿಯ ಎಣ್ಣೆಯನ್ನೇ ಹಾಕಿದ್ದೇನೆ, ಬಣ್ಣ ದಂತದಂತೆ ಬಂದಿದೆ. ಅದೇ ಕೊಳವೆಬಾವಿಯ ನೀರಿನಲ್ಲಿ ಮೂರು ಸುತ್ತಿಗೂ ನೊರೆ ನಿಂತಿತು, ಬ್ರಷ್ ಎತ್ತಿದರೆ ಕೆನೆಮೊಸರಿನ ಹಾಗೆ ಕೊಕ್ಕೆ ಬಾಗಿ ನಿಲ್ಲುತ್ತಿತ್ತು. ಕೊನೆಯ ತೊಳೆತಕ್ಕೆ ಮಾತ್ರ ಒಂದು ಚೊಂಬು ಫಿಲ್ಟರ್ ನೀರನ್ನು, ತಣ್ಣಗಿರುವುದನ್ನೇ, ಇಟ್ಟುಕೊಳ್ಳುತ್ತೇನೆ. ಪಟಿಕ ಉಜ್ಜುವುದನ್ನು ನಿಲ್ಲಿಸಿದ್ದೇನೆ, ಒಣಚರ್ಮವನ್ನು ಅದು ಇನ್ನಷ್ಟು ಬಿಗಿಯುತ್ತದೆ. ಅದರ ಬದಲು ಹಿತ್ತಲಿನ ಲೋಳೆಸರ. ಎಲೆ ಕತ್ತರಿಸಿದ ಕೂಡಲೇ ಹಚ್ಚಬೇಡಿ. ಲೋಟದಲ್ಲಿ ನಿಲ್ಲಿಸಿ ಹಳದಿ ರಸವೆಲ್ಲ ಬಸಿದ ಮೇಲೆ ಒಳಗಿನ ತಿಳಿ ಲೋಳೆ ಮಾತ್ರ ತೆಗೆಯಿರಿ. ಆ ಹಳದಿ ರಸವೇ ಕೆಲವರಿಗೆ ತುರಿಕೆ ತರುತ್ತದೆ.

ಹೇಳಲೇಬೇಕಾದ ಇನ್ನೊಂದು ಸಂಗತಿ. ಊರಿನ ತೋಟದಲ್ಲಿ ಕಿತ್ತುಹಾಕಿದ ಹಳೆಯ ಅರೇಬಿಕಾ ಗಿಡಗಳ ಬುಡ ರಾಶಿ ಬಿದ್ದಿತ್ತು. ಕಾಫಿ ಕಟ್ಟಿಗೆ ಎಷ್ಟು ಗಟ್ಟಿ, ಎಷ್ಟು ನುಣುಪು! ಕೈಗೆ ಎತ್ತಿಕೊಂಡ ಕ್ಷಣವೇ ಅದರಲ್ಲಿ ಬ್ರಷ್ಷಿನ ಹಿಡಿ ಕಂಡಿತು. ಆರು ತುಂಡು ತಂದಿದ್ದೇನೆ. ಬೇಗ ಒಣಗಿದರೆ ಸೀಳುವ ಮರ, ಆದ್ದರಿಂದ ಎರಡು ತುದಿಗೂ ಮೇಣ ಬಳಿದು ಅಟ್ಟದ ಮೇಲೆ ನೆರಳಿನಲ್ಲಿಟ್ಟಿದ್ದೇನೆ. ಲೇತಿಗೆ ಏರಿಸುವುದು ಮುಂದಿನ ಮಳೆಗಾಲ ಕಳೆದ ಮೇಲೆ.

ಎಂಟನೆಯ ಬ್ಯಾಚಿಗೆ ಇಂದು ಹನ್ನೆರಡನೆಯ ಕ್ಷೌರ. ಎಡಗಡೆ ಒಂದೂ ಗುಳ್ಳೆಯಿಲ್ಲ. ಗಂಟಲಿನ ಗಂಟಿನ ಬಲಕ್ಕೆ ಎರಡು ಉಳಿದಿವೆ, ಅಲ್ಲಿ ಕೂದಲು ಅಡ್ಡಲಾಗಿ ಮಲಗಿದೆ. ನಾಳೆ ಅಲ್ಲಿ ಬ್ಲೇಡನ್ನು ಬಲದಿಂದ ಎಡಕ್ಕೆ ಎಳೆದು ನೋಡುತ್ತೇನೆ.