ಕರಡಿ ಓಡಾಡುವ ಊರಿನ ಮನೆಗಳಲ್ಲಿ

ಕೆನಡಾದ ಕ್ಯಾಲ್ಗರಿಗೆ ಊರಿಂದ ಯಾರೇ ಬರಲಿ, ಮೊದಲು ಕೇಳೋದು ಒಂದೇ: ಬ್ಯಾನ್ಫ್‌ಗೆ ಯಾವಾಗ ಹೋಗೋಣ? ಕಾರಲ್ಲಿ ಒಂದೂವರೆ ಗಂಟೆ. ಬೆಟ್ಟ, ಕೆರೆ, ಫೋಟೋ, ಸಂಜೆಗೆ ವಾಪಸ್. ಅಪ್ಪ ಅಮ್ಮ ಬಂದಾಗ ಹಾಗೆ ಓಡಿಸಿಕೊಂಡು ಬರಲು ನನಗೆ ಮನಸ್ಸಾಗಲಿಲ್ಲ. ಜುಲೈನಲ್ಲಿ ಹೋಟೆಲ್ ರೇಟು ಕೇಳುವ ಹಾಗೂ ಇರಲ್ಲ. ಅದಕ್ಕೇ ಸ್ಥಳೀಯರ ಮನೆಗಳಲ್ಲಿ ರೂಮು ಹಿಡಿದು, ಕ್ಯಾನ್‌ಮೋರ್ ಮೇಲೆ ಹಾದು ಜ್ಯಾಸ್ಪರ್‌ವರೆಗೂ ಹೋದೆವು.

ಚಿಕ್ಕಮಗಳೂರಿನ ಹೋಮ್‌ಸ್ಟೇ ನೆನೆಸಿಕೊಳ್ಳಬೇಡಿ. ಇಲ್ಲಿ ಯಾರೂ ಕೂರಿಸಿ ಅಕ್ಕಿರೊಟ್ಟಿ ಬಡಿಸಲ್ಲ. ಮನೆಯ ನೆಲಮಾಳಿಗೆಯಲ್ಲಿ ಒಂದು ರೂಮು, ಬಾತ್‌ರೂಮು, ಒಂದು ಕೆಟಲ್, ಪುಟ್ಟ ಫ್ರಿಜ್. ನಮಗೆ ಸಿಕ್ಕ ಮನೆಗಳಲ್ಲಿ ಅಡುಗೆಮನೆ ಬಳಸುವ ಹಾಗಿರಲಿಲ್ಲ. ಅವಲಕ್ಕಿ, ಚಟ್ನಿಪುಡಿ, ಮೊಸರು ಜೊತೆಗಿದ್ದವು, ಬದುಕಿಕೊಂಡೆವು. ಅಮ್ಮನಿಗೆ ಹಿಡಿಸಿದ್ದು ಬಾಗಿಲಲ್ಲೇ ಶೂ ಬಿಚ್ಚಿಡುವ ಪದ್ಧತಿ. "ಇವರೂ ನಮ್ಮ ಹಾಗೇ ಅಲ್ವೇನೇ" ಅಂತ ಖುಷಿಪಟ್ಟರು.

ಕ್ಯಾನ್‌ಮೋರ್ ಇರುವುದು ಬ್ಯಾನ್ಫ್ ನ್ಯಾಷನಲ್ ಪಾರ್ಕಿನ ಗಡಿಯಿಂದ ಹೊರಗೆ. ಮೊದಲು ಅದು ಕಲ್ಲಿದ್ದಲ ಊರು. 1979ರಲ್ಲಿ ಗಣಿ ಮುಚ್ಚಿತು. 1988ರ ಚಳಿಗಾಲದ ಒಲಿಂಪಿಕ್ಸ್‌ನ ಸ್ಕೀ ಪಂದ್ಯಗಳಲ್ಲಿ ಕೆಲವು ಇಲ್ಲಿ ನಡೆದ ಮೇಲೆ ಊರಿನ ನಸೀಬೇ ಬದಲಾಯಿತು. ನಾವಿದ್ದ ಮನೆಯವರು ರಿಟೈರ್ ಆದ ಗಂಡ ಹೆಂಡತಿ. ಹಿತ್ತಿಲಲ್ಲಿ ಕಡಿದ ಮರದ ಬುಡವೊಂದಿತ್ತು. ಕಾಡುಸೇಬಿನ ಮರ, ಕರಡಿ ಬರುತ್ತೆ ಅಂತ ಕಡಿಸಿದ್ವಿ ಅಂದರು. ಮನುಷ್ಯರ ಹತ್ತಿರ ತಿನ್ನೋದು ಒಮ್ಮೆ ರೂಢಿಯಾದರೆ ಕರಡಿ ಮತ್ತೆ ಮತ್ತೆ ಅಲ್ಲಿಗೇ ಬರುತ್ತೆ. ಕೊನೆಗೆ ಅದನ್ನು ದೂರ ಸಾಗಿಸಬೇಕು, ಇಲ್ಲಾ ಕೊಲ್ಲಬೇಕು. ಅಪ್ಪ ಸಕಲೇಶಪುರದ ತೋಟದಲ್ಲಿ ಬೆಳೆದವರು. ಆನೆ ಬರುತ್ತೆ ಅಂತ ಹಲಸನ್ನು ಎಳೆಯದರಲ್ಲೇ ಕೀಳಿಸುವುದು ಅವರಿಗೆ ಹೊಸದಲ್ಲ. "ಆದ್ರೂ ಮರಾನೇ ಕಡಿಯೋದಾ!" ಅಂತ ಬುಡದ ಸುತ್ತ ಎರಡು ಸುತ್ತು ಹಾಕಿದರು.

ಕಸದ ಡಬ್ಬಿಯಂತೂ ಒಂದು ಪಾಠವೇ. ದಪ್ಪ ಕಬ್ಬಿಣದ ಪೆಟ್ಟಿಗೆ. ಹಿಡಿಯ ಮೇಲೆ ಒಂದು ಮುಚ್ಚಳ, ಅದರೊಳಗೆ ಕೈ ತೂರಿಸಿ ಬೆರಳಲ್ಲಿ ಚಿಲಕ ಒತ್ತಬೇಕು. ಕರಡಿಯ ಪಂಜ ಆ ಸಂದಿಯಲ್ಲಿ ಹಿಡಿಸಲ್ಲ. ಕರಡಿ ಓಡಾಡುವ ತಿಂಗಳುಗಳಲ್ಲಿ ಹಕ್ಕಿಗೆ ಕಾಳು ತೂಗುಹಾಕುವ ಹಾಗಿಲ್ಲ, ಬಾರ್ಬೆಕ್ಯೂ ಒಲೆಗೆ ಜಿಡ್ಡು ಬಿಡುವ ಹಾಗಿಲ್ಲ. ಹೋಟೆಲಲ್ಲಿ ಉಳಿದಿದ್ದರೆ ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು, ಇದ್ಯಾವುದೂ ಕಾಣುತ್ತಿರಲಿಲ್ಲ.

ಹೊರಡುವಾಗ ಅವರು ಹೇಳಿದ್ದು, ಲೇಕ್ ಲೂಯಿಸ್ ಊರಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಮ್ಯಾಪ್ ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಅಲ್ಲಿಂದ ಜ್ಯಾಸ್ಪರ್‌ಗೆ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಅನ್ನೋ ಹೆದ್ದಾರಿ, 232 ಕಿ.ಮೀ. ಬಹುಪಾಲು ನೆಟ್‌ವರ್ಕ್ ಇಲ್ಲ. ಮಧ್ಯೆ ಪೆಟ್ರೋಲು ಒಂದೇ ಕಡೆ. ದಾರಿಯ ಅಂದ ಬರೆಯಲು ಹೋದರೆ ಎಲ್ಲರೂ ಬರೆದದ್ದನ್ನೇ ಬರೆದಂತೆ, ಬಿಡಿ. ಅಥಬಾಸ್ಕಾ ಹಿಮನದಿಯ ಹತ್ತಿರ ಮಾತ್ರ ನಿಲ್ಲಲೇಬೇಕು. ಹಿಮ ಯಾವ ವರ್ಷ ಎಲ್ಲಿಯವರೆಗೆ ಇತ್ತು ಅಂತ ಫಲಕ ನೆಟ್ಟಿದ್ದಾರೆ. ಅಮ್ಮ ಒಂದೊಂದರ ಹತ್ತಿರವೂ ನಿಂತು ನಿಂತು ನಡೆದರು. ನನ್ನ ಹುಟ್ಟಿದ ವರ್ಷದಲ್ಲಿ ಹಿಮ ಇದ್ದ ಜಾಗದಿಂದ ಈಗಿನ ಹಿಮಕ್ಕೆ ಒಳ್ಳೇ ನಡಿಗೆಯೇ ಆಯಿತು.

ಜ್ಯಾಸ್ಪರ್ ಬೇರೆಯೇ ಲೆಕ್ಕ. ಊರು ಪೂರ್ತಿ ಅದೇ ಹೆಸರಿನ ನ್ಯಾಷನಲ್ ಪಾರ್ಕಿನೊಳಗಿದೆ. ಜಾಗ ಸರ್ಕಾರದ್ದು, ಮನೆಯವರದ್ದು ಬರೀ ಲೀಸ್. ದುಡ್ಡಿದೆ ಅಂತ ಯಾರೂ ಬಂದು ನೆಲೆಸುವ ಹಾಗಿಲ್ಲ. ಅಲ್ಲೇ ಕೆಲಸ ಇರಬೇಕು, ವ್ಯಾಪಾರ ಇರಬೇಕು, ಇಂಥದ್ದೊಂದು ಕಾರಣ ಬೇಕು. ನಮ್ಮ ಮನೆಯಾಕೆ ರೈಲ್ವೆಯಲ್ಲಿ ಕೆಲಸ ಮಾಡುವವರು. ಬೀಗದ ಕೈ ಕೊಡುವಾಗಲೇ ಎಚ್ಚರಿಸಿದರು: ಬಾಗಿಲು ತೆಗೆಯೋ ಮುಂಚೆ ಕಿಟಕಿಯಲ್ಲಿ ನೋಡಿ, ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಮಲಗಿರಬಹುದು. ಮರಿ ಜೊತೆಗಿರುವ ಎಲ್ಕ್ ಕರಡಿಗಿಂತ ಸಿಡುಕು. ಮೂವತ್ತು ಮೀಟರ್ ದೂರ ಇರಬೇಕು ಅಂತ ನಿಯಮ, ಕರಡಿಗಾದರೆ ನೂರು.

ಅವರ ಮನೆಯ ಎದುರು ಸಾಲು ಖಾಲಿ. 2024ರ ಜುಲೈ ಕಾಳ್ಗಿಚ್ಚಿನಲ್ಲಿ ಊರಿನ 358 ಕಟ್ಟಡ ಸುಟ್ಟುಹೋದವು, ಹತ್ತಿರಹತ್ತಿರ ಮೂರನೇ ಒಂದು ಭಾಗ. 22ರ ರಾತ್ರಿ ಊರು ಬಿಡಿ ಅಂತ ಆದೇಶ ಬಂದಾಗ ನಾವಿದ್ದ ಅದೇ ರೂಮಲ್ಲಿ ಅತಿಥಿಗಳಿದ್ದರಂತೆ. ಅವರ ಕದ ತಟ್ಟಿ ಎಬ್ಬಿಸಿ, "ನನ್ನ ಕಾರಿನ ಹಿಂದೆಯೇ ಬನ್ನಿ" ಅಂದು, ಬೆಕ್ಕನ್ನು ಪೆಟ್ಟಿಗೆಗೆ ಹಾಕಿಕೊಂಡು ಹೊರಟರಂತೆ. ಪೂರ್ವಕ್ಕೂ ದಕ್ಷಿಣಕ್ಕೂ ಬೆಂಕಿ. ಉಳಿದದ್ದು ಪಶ್ಚಿಮದ ರಸ್ತೆ ಒಂದೇ, ಪಾರ್ಕಿನಲ್ಲಿದ್ದ ಸುಮಾರು 25,000 ಜನರಿಗೂ ಅದೇ. ಹೊಗೆಯಲ್ಲಿ ಗಂಟೆಗಟ್ಟಲೆ ತೆವಳಿದ್ದಾಯಿತು ಅಂದರು. ಆ ಅತಿಥಿಗಳು ಈಗಲೂ ಕ್ರಿಸ್ಮಸ್‌ಗೆ ಕಾರ್ಡ್ ಕಳಿಸುತ್ತಾರಂತೆ, ಅದು ಫ್ರಿಜ್ ಮೇಲೆ ಅಂಟಿಸಿತ್ತು.

ಬೆಳಿಗ್ಗೆ ಅಮ್ಮ ಕೊಟ್ಟ ಚಟ್ನಿಪುಡಿಯನ್ನು ಆಕೆ ಬೆಣ್ಣೆ ಹಚ್ಚಿದ ಬ್ರೆಡ್ ಮೇಲೆ ಉದುರಿಸಿಕೊಂಡು ತಿಂದರು. ಖಾರಕ್ಕೆ ಕಣ್ಣಲ್ಲಿ ನೀರು, ಆದರೂ ಇನ್ನೊಂದು ತುಂಡು.

ಬೇಸಿಗೆಯಲ್ಲಿ ಬರುವವರಿದ್ದರೆ ಜ್ಯಾಸ್ಪರ್ ರೂಮನ್ನು ವರ್ಷದ ಶುರುವಿನಲ್ಲೇ ಹಿಡಿದುಬಿಡಿ. ಸುಟ್ಟ ಮನೆಗಳ ಜೊತೆ ಬಾಡಿಗೆಗೆ ಕೊಡುತ್ತಿದ್ದ ರೂಮುಗಳೂ ಹೋಗಿವೆ. ಮೊರೇನ್ ಲೇಕ್‌ಗೆ 2023ರಿಂದ ಸ್ವಂತ ಕಾರು ಬಿಡಲ್ಲ, ಬಸ್ ಸೀಟನ್ನೂ ಮೊದಲೇ ನೋಡಿಕೊಳ್ಳಿ.