ಆ ಪಾರ್ಟ್ ಸಿಗವಲ್ದು, ಬದಲಿ ಏನ್ ಹಾಕ್ಲಿ?

ವಾರಕ್ಕ ಒಬ್ಬರಾದ್ರೂ ಕೇಳ್ತಾರ. ಹೆಚ್ಚಾಗಿ ಇಲ್ಲೇ ಬೆಳಗಾವಿ ಕಾಲೇಜ್ ಹುಡುಗ್ರು, ಮನ್ಯಾಗ ಒಂದು ಗಿಟಾರ್, ಸಣ್ಣದೊಂದು ಆಂಪ್, ಫೋನ್‌ನ್ಯಾಗ ಒಂದು ಪೆಡಲ್ ಸರ್ಕ್ಯೂಟಿನ ಚಿತ್ರ (ಪೆಡಲ್ ಅಂದ್ರ ಗಿಟಾರಿಗೂ ಆಂಪಿಗೂ ನಡುವ ಕೂಡಿಸಿ ಸೌಂಡ್ ಬದಲ್ಸೂ ಡಬ್ಬಿ). "ಅಣ್ಣಾ, ಮೊದಲ್ನೇ ಪೆಡಲ್ ಮಾಡಾಕ ಕುಂತೇನಿ, ಇದರಾಗ ಬರದಿದ್ದ ಟ್ರಾನ್ಸಿಸ್ಟರ್ ಪ್ಯಾಟ್ಯಾಗ ಸಿಗವಲ್ದು, 430ಕೆ ರೆಸಿಸ್ಟರ್ ಅಂದ್ರ ಅಂಗಡಿ ಕಾಕಾ ಹಂಗಂತ ಇಲ್ಲೇ ಇಲ್ಲ ಅಂತಾನ, ಬದಲಿ ಏನ್ ಹಾಕ್ಲಿ?" ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಹೇಳೂದಕ್ಕಿಂತ ಒಮ್ಮೆ ಕುಂತು ಬರದೇಬಿಡೂಣು ಅನಿಸ್ತು.

ಬೆಂಗಳೂರಿನ ಎಸ್‌ಪಿ ರೋಡಿನ್ಯಾಗ ಅಡ್ಡಾಡಿದ್ರ ಎಲ್ಲಾ ಸಿಗ್ತೈತಿ, ಖರೆ, ಆದ್ರ ಎರಡು ರೂಪಾಯಿ ಟ್ರಾನ್ಸಿಸ್ಟರ್ ಸಲುವಾಗಿ ರಾತ್ರಿ ರಾಣಿ ಚನ್ನಮ್ಮ ರೈಲು ಹತ್ತಿ ಹೋಗಾಕ ಆಗಂಗಿಲ್ಲ, ಆನ್‌ಲೈನ್ ತರಿಸಿದ್ರ ಪಾರ್ಟಿಗಿಂತ ಕೊರಿಯರ್ ಖರ್ಚ ಹೆಚ್ಚ. ಅದಕ್ಕ ನಾನು ಮೊದಲ ಹೇಳೂದು ಏನಂದ್ರ, ನಂಬರ್ ಹಿಡ್ಕೊಂಡು ಅಂಗಡಿ ಅಂಗಡಿ ತಿರಗಬ್ಯಾಡ್ರಿ, ಆ ಪಾರ್ಟ್ ಆ ಜಾಗದಾಗ ಕುಂತು ಏನ್ ಕೆಲಸ ಮಾಡ್ತೈತಿ ಅಂತ ಕೇಳ್ಕೋರಿ. ಅದೇ ಕೆಲಸ ಮಾಡೂ ಇನ್ನೊಂದು ನಮ್ಮ ಪ್ಯಾಟ್ಯಾಗ ಇದ್ದೇ ಇರ್ತೈತಿ. ಹಳೇ ರೇಡಿಯೋ, ಟೇಪ್ ರಿಪೇರಿ ಮಾಡ್ತಿದ್ದವ್ರು ಜೀವನಾ ಪೂರ್ತಿ ಇದನ್ನ ಮಾಡ್ಕೊಂತ ಬಂದಾರ.

ಒಂದು ಖರೇ ಸರ್ಕ್ಯೂಟ್ ಇಟ್ಕೊಂಡೇ ಮಾತಾಡೂಣು. ಮೊದಲ್ನೇ ಪೆಡಲ್ ಅಂದ್ರ ನಾನು ಯಾವಾಗಲೂ ಬೂಸ್ಟರ್, ಅಂದ್ರ ಸೌಂಡ್ ಜೋರು ಮಾಡೂ ಪೆಡಲ್, ಮಾಡ್ರಿ ಅಂತೀನಿ, 1960ರ ದಶಕದ ಕೊನೀಗೆ ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿ ತಂದ ಎಲ್‌ಪಿಬಿ-1 ಇದ್ದಂಗ. ಒಂದೇ ಟ್ರಾನ್ಸಿಸ್ಟರ್, ಅದಕ್ಕ ಬೇಸ್, ಕಲೆಕ್ಟರ್, ಎಮಿಟರ್ ಅಂತ ಮೂರು ಕಾಲು. 9 ವೋಲ್ಟಿನಿಂದ ಬೇಸಿಗೆ 430ಕೆ (ಕೆ ಅಂದ್ರ ಸಾವಿರ ಓಮ್), ಬೇಸಿನಿಂದ ಗ್ರೌಂಡಿಗೆ 43ಕೆ, ಕಲೆಕ್ಟರ್‌ಗೆ 10ಕೆ, ಎಮಿಟರ್‌ಗೆ 390 ಓಮ್, ಒಳಗ ಬರೂ ಕಡೆ ಹೊರಗ ಹೋಗೂ ಕಡೆ ಒಂದೊಂದು 0.1 ಎಂಎಫ್‌ಡಿ (ಮೈಕ್ರೋಫ್ಯಾರಡ್) ಕೆಪ್ಯಾಸಿಟರ್, ಕೊನೀಗೆ 100ಕೆ ವಾಲ್ಯೂಮ್. ಇಷ್ಟ. ಜೀರೋ ಪಿಸಿಬಿ (ಬರೇ ತೂತು ಇರೂ ಬೋರ್ಡ್) ಮ್ಯಾಲೆ ಒಂದು ಸಂಜ್ಯಾಗ ಮುಗೀತೈತಿ.

ಇದರಾಗ ಟ್ರಾನ್ಸಿಸ್ಟರ್ ಬಗ್ಗೆ ಎಲ್ಲಾರೂ ಹೆದರ್ತಾರ, ಆದ್ರ ಹೆದರಿಕಿ ಇರಬೇಕಾದ ಜಾಗ ಬ್ಯಾರೇನ ಐತಿ. ಹಳೇ ಚಿತ್ರದಾಗ 2ಎನ್5133 ಅಂತಿರ್ತೈತಿ, ಹೊಸಾವ್ರು 2ಎನ್5088 ಹಾಕ್ತಾರ, ಇಲ್ಲಿ ಸಿಗೂದು ಬಿಸಿ547, ಬಿಸಿ549. ಎಲ್ಲಾ ಸಣ್ಣ ಸಿಗ್ನಲ್ಲಿನ ಎನ್‌ಪಿಎನ್ ಸಿಲಿಕಾನ್, ಈ ಕೆಲಸಕ್ಕ ಬಿಸಿ547 ಧಾರಾಳ ಸಾಕು. ಆದ್ರ ಕಾಲು! 2ಎನ್5088ನ ಚಪ್ಪಟಿ ಮುಖ ನಿಮ್ಮ ಕಡೆ ಹಿಡಿದ್ರ ಎಡಕಿನಿಂದ ಎಮಿಟರ್, ಬೇಸ್, ಕಲೆಕ್ಟರ್, ಬಿಸಿ547ದು ಹಂಗ ಹಿಡಿದ್ರ ಕಲೆಕ್ಟರ್, ಬೇಸ್, ಎಮಿಟರ್. ನನ್ನ ಮೊದಲ್ನೇ ಬೂಸ್ಟರ್‌ನ್ಯಾಗ ಇದೇ ಆತು. ಚಿತ್ರದಾಗ ಇದ್ದಂಗ ಕೂಡಿಸಿದೆ, ಸೌಂಡ್ ಪೂರಾ ಬಂದ್ ಆಗಿದ್ರ ಗೊತ್ತಾಗ್ತಿತ್ತೇನೋ, ಆದ್ರ ಉಲ್ಟಾ ಹಾಕಿದ ಟ್ರಾನ್ಸಿಸ್ಟರ್ ಒಂಚೂರು ಕೆಲಸ ಮಾಡೇ ಮಾಡ್ತೈತಿ, ಅದಕ್ಕ ಬಾಳ ಸಣ್ಣಗ, ಒಡದಂಗ ಬರ್ತಿತ್ತು, ನಾನು ಎರಡು ದಿನ ಸೋಲ್ಡರ್ ಮತ್ತ ಮತ್ತ ಕಾಸಿ ನೋಡಿದೆ. ಕಡೀಗೆ ಡೇಟಾಶೀಟ್ (ಕಂಪನಿ ಕೊಡೂ ಪಾರ್ಟಿನ ವಿವರದ ಹಾಳಿ) ತಗದು ನೋಡಿ ಅದನ್ನ ತಿರುವಿ ಹಾಕಿದ ಕೂಡ್ಲೇ ಮನಿ ತುಂಬ ಸೌಂಡ್ ಬಂತು, ಆ ಖುಷಿ ಈಗೂ ನೆನಪೈತಿ. ಅದಕ್ಕ ಬದಲಿ ಟ್ರಾನ್ಸಿಸ್ಟರ್ ತಗೊಂಡ್ರ ಅದರ ಡೇಟಾಶೀಟ್ ನೋಡದ ಸೋಲ್ಡರಿಂಗ್ ಐರನ್ ಬಿಸಿ ಮಾಡಬ್ಯಾಡ್ರಿ.

ಇನ್ನೊಂದು, ನಂಬರಿನ ಕೊನೀ ಅಕ್ಷರ ನೋಡ್ರಿ. ಬಿಸಿ547ಬಿ ಅಂದ್ರ ಗೇನ್ (ಕರೆಂಟ್ ಎಷ್ಟು ಪಟ್ಟು ಮಾಡ್ತೈತಿ ಅನ್ನೂದು) 200ರಿಂದ 450, ಸಿ ಅಂದ್ರ 420ರಿಂದ 800, ಎರಡೂ ನಡೀತಾವ. ಲ್ಯಾಬ್‌ನ್ಯಾಗ ಬಿದ್ದಿರೂ ಎಸ್‌ಎಲ್100 ಹಾಕ್ಲ್ಯಾ ಅಂತ ಕೇಳ್ತಾರ, ಹಾಕಬಹುದು, ಆದ್ರ ಅದರ ಗೇನ್ ಸಾಮಾನ್ಯವಾಗಿ ಕಡಿಮಿ, 100ರ ಹತ್ರ ಇದ್ರ ಬೇಸ್ ಎಳಕೊಳ್ಳೂ ಕರೆಂಟ್ ಹೆಚ್ಚಾಗಿ ಕಲೆಕ್ಟರ್ ವೋಲ್ಟೇಜ್ 6ರ ಮ್ಯಾಲೆ ಹೋಗಿ ಕುಂದರ್ತೈತಿ. ನಮಗ ಬೇಕಾದ್ದು 4ರಿಂದ 5ರ ನಡುವ, ಅಂದ್ರ ಸೌಂಡಿಗೆ ಮ್ಯಾಲೂ ಕೆಳಗೂ ಆಡಾಕ ಸಮ ಜಾಗ ಇರಬೇಕು.

ರೆಸಿಸ್ಟರ್‌ನ್ಯಾಗ ನಂಬರಿಗಿಂತ ಪ್ರಮಾಣ ಮುಖ್ಯ. 430ಕೆ, 43ಕೆ ಎರಡೂ ಕೂಡಿ ಬೇಸಿಗೆ ಒಂದು ಸಣ್ಣ ವೋಲ್ಟೇಜ್ ಹಂಚಿ ಕೊಡ್ತಾವ, ಇವೆರಡರ ಪ್ರಮಾಣ ಹತ್ತಕ್ಕ ಒಂದು. ಹಂಗಾಗಿ 470ಕೆ ಜೋಡಿ 47ಕೆ ಹಾಕ್ರಿ, 390ಕೆ ಜೋಡಿ 39ಕೆ ಹಾಕ್ರಿ, ಸರ್ಕ್ಯೂಟಿಗೆ ಏನೂ ಗೊತ್ತಾಗಂಗಿಲ್ಲ. ಆದ್ರ ಒಂದನ್ನ ಕೆಳಗ ಇನ್ನೊಂದನ್ನ ಮ್ಯಾಲೆ ಮಾಡಿದ್ರ, ಹೇಳಬೇಕಂದ್ರ 430ರ ಜಾಗಕ್ಕ 330ಕೆ ಹಾಕಿ 43ರ ಜಾಗಕ್ಕ 47ಕೆ ಹಾಕಿದ್ರ, ಎರಡೂ "ಹತ್ರದ್ದ ಐತಲ್ಲ" ಅನಿಸ್ತೈತಿ ಖರೆ, ಟ್ರಾನ್ಸಿಸ್ಟರ್ ಮಾತ್ರ ಪೂರಾ ಆನ್ ಆಗಿ ಕಲೆಕ್ಟರ್ 1 ವೋಲ್ಟಿಗೂ ಕೆಳಗ ಬಿದ್ದು ಸೌಂಡ್ ಸತ್ತಂಗ ಆಗ್ತೈತಿ. ಸರಿಯಾಗಿ 430 ಬೇಕೇ ಬೇಕಂದ್ರೂ ದಾರಿ ಐತಿ, 330ಕೆ ಮತ್ತ 100ಕೆ ಒಂದರ ಹಿಂದ ಒಂದು ಕೂಡಿಸ್ರಿ, 33ಕೆ ಮತ್ತ 10ಕೆ ಕೂಡಿಸಿದ್ರ 43. ಇವು ನಾಲ್ಕೂ ಯಾವ ಅಂಗಡ್ಯಾಗ ಕೇಳಿದ್ರೂ ಸಿಗ್ತಾವ. 390 ಓಮ್ ಮಾತ್ರ ಬ್ಯಾರೆ ಲೆಕ್ಕ, ಅದು ಪೂರಾ ಪೆಡಲಿನ ಗೇನ್ (ಸೌಂಡ್ ಎಷ್ಟು ಪಟ್ಟು ಅನ್ನೂದು) ತೀರ್ಮಾನ ಮಾಡ್ತೈತಿ, 10ಕೆನ ಅದರಿಂದ ಭಾಗಿಸಿದ್ರ ಸುಮಾರು 25 ಪಟ್ಟು, 470 ಓಮ್ ಹಾಕಿದ್ರ 21ಕ್ಕ ಇಳೀತೈತಿ. ಕಿವಿಗೆ ಬಾಳ ಫರಕ್ ಇಲ್ಲ.

ಕೆಪ್ಯಾಸಿಟರ್ ತಗೋಳೂಮುಂದ ಮ್ಯಾಲಿನ ನಂಬರ್ ಓದ್ರಿ, 104 ಅಂದ್ರ 0.1 ಎಂಎಫ್‌ಡಿ, 103 ಅಂದ್ರ ಅದರ ಹತ್ತನೇ ಒಂದು ಭಾಗ. ಇನ್‌ಪುಟ್‌ನ್ಯಾಗ 104 ಇದ್ರ ಸುಮಾರು 50 ಹರ್ಟ್ಜ್‌ತನಾ ದಪ್ಪ ಸೌಂಡ್ ಒಳಗ ಬಿಡ್ತೈತಿ, ಗಿಟಾರಿನ ದಪ್ಪ ತಂತಿ 82 ಹರ್ಟ್ಜ್, ಅಂದ್ರ ಎಲ್ಲಾ ಬಂತು. 103 ಹಾಕಿದ್ರ 500ರ ಕೆಳಗಿಂದು ಇಳಿದುಹೋಗಿ ಸೌಂಡ್ ತೆಳ್ಳಗ, ಚೂಪಗ ಆಗ್ತೈತಿ. ಕೆಲವರಿಗೆ ಅದು ಸೇರ್ತೈತಿ, ಬೇಕಂತ ಹಾಕಿದ್ರ ತಪ್ಪಿಲ್ಲ. ಸೆರಾಮಿಕ್ಕೋ ಹಸಿರು ಪಾಲಿಯೆಸ್ಟರೋ ಅಂತ ಜಗಳ ಬ್ಯಾಡ, ಸಿಕ್ಕರ ಪಾಲಿಯೆಸ್ಟರ್ ತಗೋರಿ. ವೋಲ್ಟ್ 16ರ ಮ್ಯಾಲೆ ಎಷ್ಟಿದ್ರೂ ಸರಿ, 63 ಇದ್ರ ಗಾತ್ರ ದೊಡ್ಡದು ಅಷ್ಟ.

ವಾಲ್ಯೂಮ್ 100ಕೆ ಇಲ್ಲಂದ್ರ 47ಕೆ ನಡೀತೈತಿ, 10ಕೆ ಮಾತ್ರ ಬ್ಯಾಡ, ಕಲೆಕ್ಟರ್ ರೆಸಿಸ್ಟರೂ ಅಷ್ಟೇ ಇರೂದ್ರಿಂದ ಅರ್ಧ ಸೌಂಡ್ ಅಲ್ಲೇ ತಿಂದುಬಿಡ್ತೈತಿ. ಗಿಟಾರ್ ಜ್ಯಾಕಿಗೆ ಅಂಗಡ್ಯಾಗ ಪಿ-38 ಸಾಕೆಟ್ ಅಂತ ಕೇಳ್ರಿ, ಲಗೂನ ತಿಳೀತೈತಿ. ಮೂರು ಪೋಲಿನ ಕಾಲ್ ಸ್ವಿಚ್ ಸಿಗಲಿಲ್ಲಂದ್ರ ಕಾಯಬ್ಯಾಡ್ರಿ, ಎರಡು ಪೋಲಿನ ಟಾಗಲ್ ಹಾಕಿ ಎಲ್‌ಇಡಿ ಬಿಟ್ಟುಬಿಡ್ರಿ, ಬೈಪಾಸ್ (ಪೆಡಲ್ ದಾಟಿ ಸೌಂಡ್ ನೇರ ಆಂಪಿಗೆ ಹೋಗೂದು) ಪೂರಾ ಆಗ್ತೈತಿ. ಅಡಾಪ್ಟರ್‌ಗೆ ಅಡ್ಡ ಹಾಕೂ 1ಎನ್4001 ಡಯೋಡಿನ ಜಾಗಕ್ಕ 4007 ಕಣ್ಣು ಮುಚ್ಚಿ ಹಾಕ್ರಿ, ಆದ್ರ ಅಡಾಪ್ಟರ್ ತರೂಮುಂದ ಕಣ್ಣು ತಗೀರಿ, ಪೆಡಲ್‌ಗೆ ನಡುವಿನ ಪಿನ್ ನೆಗೆಟಿವ್ ಇರ್ತೈತಿ, ಪ್ಯಾಟ್ಯಾಗ ಸಿಗೂದು ಬಹಳಷ್ಟು ಪಾಸಿಟಿವ್. ಡಬ್ಬಿ ಲೋಹದ್ದ ಇರಲಿ, ಪ್ಲಾಸ್ಟಿಕ್‌ನ್ಯಾಗ ಕರೆಂಟಿನ ಗುಂಯ್ ಸೇರ್ಕೋತೈತಿ. ಇಲ್ಲೇ ಕಾರ್ಖಾನಿ ಇರೂ ಉದ್ಯಮಬಾಗ್ ಕಡೆ ಯಾರಾದ್ರೂ ಪರಿಚಯ ಇದ್ರ ಅಲ್ಯೂಮಿನಿಯಂ ತುಂಡು ಬಗ್ಗಿಸಿ ತೂತು ಹೊಡಿಸ್ಕೊಂಡು ಬರ್ರಿ, ಸ್ಟೀಲ್ ಡಬ್ಬಿಗಿಂತ ಡ್ರಿಲ್ ಸಲೀಸ ಇಳೀತೈತಿ.

ಒಂದು ಬದಲಿ ಮಾತ್ರ ಮೊದಲ್ನೇ ಸಲ ಬ್ಯಾಡ ಅಂತೀನಿ, ಅಜ್ಜನ ಹಳೇ ರೇಡಿಯೋದಾಗಿನ ಎಸಿ128. ಅದು ಸಿಲಿಕಾನ್ ಅಲ್ಲ, ಜರ್ಮೇನಿಯಂ, 1966ರ ಫಜ್ ಫೇಸ್ ಅನ್ನೂ ಹೆಸರಾದ ಪೆಡಲಿನ್ಯಾಗೂ ಜರ್ಮೇನಿಯಂ ಇತ್ತು ಅಂತ ಆಸೆ ಆಗೂದು ಸಹಜ. ಆದ್ರ ಅದು ಪಿಎನ್‌ಪಿ, ಬ್ಯಾಟರಿ ಉಲ್ಟಾ ಕೂಡಬೇಕು, ಮ್ಯಾಲೆ ಒಳಗೊಳಗ ಕರೆಂಟ್ ಸೋರ್ತೈತಿ, ಬಿಸಲು ಏರಿದಂಗ ಆ ಸೋರಿಕಿನೂ ಏರ್ತೈತಿ, ಬಿಜಾಪುರದ ಮೇ ತಿಂಗಳಾಗ ಮುಂಜಾನಿ ಒಂದು ಸೌಂಡ್ ಮಧ್ಯಾಹ್ನ ಒಂದು ಸೌಂಡ್. ತಗದು ಜ್ವಾಪಾನ ಇಡ್ರಿ, ಎರಡ್ನೇದೋ ಮೂರ್ನೇದೋ ಪೆಡಲ್‌ಗೆ ಬರ್ತೈತಿ.

ಏನೇನ್ ಬದಲಿ ಹಾಕಿದ್ರಿ ಅದನ್ನ ಚಿತ್ರದ ಮ್ಯಾಲೇ ಪೆನ್ಸಿಲ್‌ಲೇ ಬರೀರಿ. ಆಮ್ಯಾಲೂ ಸೌಂಡ್ ಬರಲಿಲ್ಲಂದ್ರ ನನಗ ಕಳಸ್ರಿ, ಜೋಡಿಗೆ ಕಲೆಕ್ಟರ್ ವೋಲ್ಟೇಜ್ ಎಷ್ಟು ಬಂತು ಅದನ್ನೂ ಹೇಳ್ರಿ, ಅದೊಂದು ಗೊತ್ತಾದ್ರ ಎಲ್ಲಿ ನೋಡಬೇಕು ಅಂತ ಫೋನ್‌ನ್ಯಾಗೇ ಹೇಳ್ತೀನಿ.