ಮನೆಯಲ್ಲಿಯೇ ಬಿಯರಿನ ನಳವಿದ್ದರೆ ಕುಡಿತ ಹೆಚ್ಚುವುದಿಲ್ಲವೇ?

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಒಂಬತ್ತು ವರ್ಷ ಇದ್ದು, ನಾಲ್ಕು ವರ್ಷಗಳ ಹಿಂದೆ ಕಲಬುರಗಿಗೆ ಮರಳಿದೆ. ಅಲ್ಲಿದ್ದಾಗ ನಾನು ಬಿಯರನ್ನು ಮನೆಯಲ್ಲಿಯೇ ತಯಾರಿಸಿ, ಹಳೆಯ ಫ್ರಿಜ್ಜಿನ ಬಾಗಿಲಿಗೆ ಕೂಡಿಸಿದ ನಳದಿಂದ ಹಿಡಿದು ಕುಡಿಯುತ್ತಿದ್ದೆ ಎಂಬುದು ಬಂಧುಗಳಿಗೂ ಗೆಳೆಯರಿಗೂ ಗೊತ್ತು. ಆದ್ದರಿಂದ ಎಲ್ಲಿ ಸೇರಿದರೂ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಮನ್ಯಾಗೇ ಬಿಯರಿನ ನಳ ಇತ್ತಂದ್ರ, ದಿನಾ ಅದರ ಮುಂದೇ ಕೂಡ್ತಿದ್ರೇನ್ರಿ?" ಕೇಳುವವರಲ್ಲಿ ಕೆಲವರಿಗೆ ಬರೀ ಕುತೂಹಲ, ಇನ್ನು ಕೆಲವರ ಮನೆಯಲ್ಲಿ ಕುಡಿತದಿಂದ ನೊಂದವರಿದ್ದಾರೆ. ಆದ್ದರಿಂದ ಲೆಕ್ಕಸಮೇತ ಉತ್ತರಿಸುತ್ತೇನೆ. ಮೊದಲ ಕೆಲವು ತಿಂಗಳು ನನ್ನ ಕುಡಿತ ಮೂರು ಪಟ್ಟಿಗಿಂತ ಹೆಚ್ಚಾಯಿತು. ಆಮೇಲೆ ಅದು ನಳ ಬರುವುದಕ್ಕೆ ಮುಂಚೆ ಇದ್ದುದಕ್ಕಿಂತಲೂ ಕಡಿಮೆಯಾಯಿತು. ಕುಡಿಯುವ ದಿನಗಳು ಮಾತ್ರ ಹೆಚ್ಚಾಗಿಯೇ ಉಳಿದವು.

ಅಲ್ಲಿ ಮನೆಯಲ್ಲಿ ಬಿಯರ್ ತಯಾರಿಸುವುದಕ್ಕೆ ಕಾನೂನಿನ ಒಪ್ಪಿಗೆ ಇದೆ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ, ಮಾರಾಟ ಮಾಡದೆ ಸ್ವಂತ ಬಳಕೆಗಾಗಿ ವರ್ಷಕ್ಕೆ ಒಬ್ಬ ವಯಸ್ಕರಿರುವ ಮನೆಯಲ್ಲಿ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ತಯಾರಿಸಬಹುದು. ಹೆಚ್ಚಿನವರು ಒಂದು ಸಲಕ್ಕೆ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಮಾಡುತ್ತಾರೆ. ಅದನ್ನು ತಂಪು ಪಾನೀಯದ ಕಂಪನಿಗಳು ಹಿಂದೆ ಸಿರಪ್ ತುಂಬಲು ಬಳಸುತ್ತಿದ್ದ ಉಕ್ಕಿನ ಉದ್ದ ಡಬ್ಬಿಗೆ ಹಾಕಿ, ಫ್ರಿಜ್ಜಿನಲ್ಲಿಟ್ಟು, ಇಂಗಾಲದ ಡೈಆಕ್ಸೈಡಿನ ಸಿಲಿಂಡರಿಗೆ ಜೋಡಿಸುತ್ತಾರೆ. ಈ ಡಬ್ಬಿಗೆ ಕೆಗ್ ಎನ್ನುತ್ತಾರೆ. ಅನಿಲದ ಒತ್ತಡವೇ ಬಿಯರನ್ನು ನಳದವರೆಗೆ ತಳ್ಳುತ್ತದೆ. ಒಳಗೆ ಗಾಳಿ ಸೇರದಿರುವುದರಿಂದ ಬಿಯರ್ ತಿಂಗಳುಗಟ್ಟಲೆ ಕೆಡುವುದಿಲ್ಲ.

ಈ ಕೆಡದಿರುವ ಗುಣವೇ ಎಲ್ಲಕ್ಕಿಂತ ಮುಖ್ಯವಾದದ್ದು ಎಂದು ನಾನು ತಿಳಿದಿದ್ದೇನೆ. ನಮ್ಮ ಭಾಗದಲ್ಲಿ ಕುಡಿಯುವವರು ಯಾವುದನ್ನೇ ಕುಡಿದರೂ ಅದಕ್ಕೊಂದು ಅಳತೆ ಮೊದಲೇ ನಿಗದಿಯಾಗಿರುತ್ತದೆ ಮತ್ತು ತೆರೆದದ್ದನ್ನು ಮುಗಿಸಲೇಬೇಕೆಂಬ ಒತ್ತಾಯ ಅದರ ಜೊತೆಗೇ ಬರುತ್ತದೆ. ಈಚಲ ಮರದಿಂದ ಬೆಳಿಗ್ಗೆ ಇಳಿಸಿದ ಶೇಂದಿ ಸಂಜೆಯ ಹೊತ್ತಿಗೆ ಹುಳಿಯಾಗುತ್ತಿದ್ದುದರಿಂದ ಅದನ್ನು ಅಂದೇ ಮುಗಿಸುತ್ತಿದ್ದರು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಗುವವರೆಗೂ ಪ್ಯಾಕೆಟ್ಟಿನ ಮೂಲೆ ಹರಿದವರು ಅದನ್ನು ಅರ್ಧಕ್ಕೆ ಇಡುವ ಪ್ರಶ್ನೆಯೇ ಇರಲಿಲ್ಲ. ಈಗ 90 ಮಿಲಿಲೀಟರಿನ ನೈಂಟಿ ಇದೆ, 180 ಮಿಲಿಲೀಟರಿನ ಕ್ವಾರ್ಟರ್ ಇದೆ, 650 ಮಿಲಿಲೀಟರಿನ ಬಿಯರ್ ಬಾಟಲಿ ಇದೆ. ಮನೆಯವರಿಗೆ ತಿಳಿಯದಂತೆ ಕುಡಿಯುವವನು ಉಳಿದರ್ಧವನ್ನು ಎಲ್ಲಿಡಬೇಕು? 42.8 ಪ್ರತಿಶತದ ವಿಸ್ಕಿಯ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಮದ್ಯಸಾರವಿರುತ್ತದೆ; ಅಮೆರಿಕದಲ್ಲಿ 14 ಗ್ರಾಮನ್ನು ಒಂದು ಪಾನವೆಂದು ಎಣಿಸುತ್ತಾರಾದ್ದರಿಂದ ಅದು ನಾಲ್ಕು ಪಾನಗಳನ್ನು ಮೀರುತ್ತದೆ. ಒಬ್ಬ ಮನುಷ್ಯ ಒಂದು ಸಂಜೆ ಎಷ್ಟು ಕುಡಿಯಬೇಕೆಂಬುದನ್ನು ಆತನ ಬಯಕೆಗಿಂತ ಬಾಟಲಿಯ ಗಾತ್ರವೇ ಹೆಚ್ಚಾಗಿ ತೀರ್ಮಾನಿಸುತ್ತದೆ.

ನಳ ಈ ಅಳತೆಯನ್ನು ಇಲ್ಲವಾಗಿಸುತ್ತದೆ. ಅದರಿಂದ ಕೆಟ್ಟದ್ದೂ ಆಗುತ್ತದೆ, ಒಳ್ಳೆಯದೂ ಆಗುತ್ತದೆ. ನನಗೆ ಮೊದಲು ಆದದ್ದು ಕೆಟ್ಟದ್ದೇ.

ನಳ ಕೂಡಿಸುವ ಮೊದಲು ನಾನು ಶುಕ್ರವಾರ ಮತ್ತು ಶನಿವಾರ ಸೇರಿ 355 ಮಿಲಿಲೀಟರಿನ ಆರು ಬಾಟಲಿ ಬಿಯರ್ ಕುಡಿಯುತ್ತಿದ್ದೆ. ವಾರಕ್ಕೆ ಆರು ಪಾನ. ಮೊದಲ ಕೆಗ್ 18 ದಿನಗಳಲ್ಲಿ ಬರಿದಾಯಿತು. ಗೆಳೆಯರು ಬಂದಾಗ ಖರ್ಚಾದ ಸುಮಾರು ನಾಲ್ಕು ಲೀಟರನ್ನು ಕಳೆದರೂ, ಆರೂವರೆ ಪ್ರತಿಶತದ ಆ ಬಿಯರಿನಲ್ಲಿ ಉಳಿದ 15 ಲೀಟರು ನನ್ನೊಬ್ಬನ ಪಾಲಿನದು. ವಾರಕ್ಕೆ 21 ಪಾನಗಳಾದವು. ಇಷ್ಟು ಕುಡಿಯುತ್ತಿದ್ದೇನೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ, ಏಕೆಂದರೆ ಎಣಿಸಲು ಮೇಜಿನ ಮೇಲೆ ಖಾಲಿ ಬಾಟಲಿಗಳಿರಲಿಲ್ಲ. ಅರ್ಧ ಕುಡಿದ ಗ್ಲಾಸಿಗೆ ಇನ್ನಷ್ಟು ಸೇರಿಸಿಕೊಂಡರೆ ಅದು ಎರಡನೆಯದೋ ಮೊದಲನೆಯದೇ ಮುಂದುವರಿದದ್ದೋ ಎಂಬುದು ಕುಡಿಯುವವನಿಗೇ ತಿಳಿಯುವುದಿಲ್ಲ. ಮೇಲಾಗಿ, ತಾನೇ ತಯಾರಿಸಿದ್ದನ್ನು ಕುಡಿಯುವುದಕ್ಕೆ ಕಾರಣಗಳು ಬಹಳ ಸಿಗುತ್ತವೆ: ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಇಂದು ಇಳಿದಿದೆಯೇ, ತಿಳಿಯಾಗಿದೆಯೇ, ನೊರೆ ನಿಲ್ಲುತ್ತಿದೆಯೇ ಎಂದು ನೋಡುವ ನೆಪದಲ್ಲಿ ನಾನು ಕೆಲಸದಿಂದ ಬಂದವನು ಕೈಕಾಲು ತೊಳೆಯುವ ಮೊದಲೇ ನಳದ ಮುಂದೆ ನಿಲ್ಲುತ್ತಿದ್ದೆ.

ಇದನ್ನು ಗಮನಿಸಿದವಳು ನನ್ನ ಹೆಂಡತಿ. ಅವಳು ಜಗಳವಾಡಲಿಲ್ಲ. ಎರಡನೆಯ ಕೆಗ್ ತುಂಬಿದ ದಿನ ತೂಕದ ಯಂತ್ರವನ್ನು ತಂದು ಅದರ ಮೇಲೆ ಕೆಗ್ ಇಡಿಸಿ, ಬಂದ ತೂಕವನ್ನು ಫ್ರಿಜ್ಜಿನ ಬಾಗಿಲ ಮೇಲೆ ಬರೆದಳು. ಖಾಲಿ ಕೆಗ್ಗಿನ ತೂಕ ಗೊತ್ತಿತ್ತು. ಒಂದು ಲೀಟರ್ ಬಿಯರ್ ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ. ಅಂದಿನಿಂದ ಪ್ರತಿ ಭಾನುವಾರ ರಾತ್ರಿ ಊಟವಾದ ಮೇಲೆ "ಈ ವಾರ ಎಷ್ಟು ಇಳೀತ್ರಿ?" ಎಂದು ಕೇಳುತ್ತಿದ್ದಳು, ನಾನು ತೂಗಿ ಬರೆಯುತ್ತಿದ್ದೆ. ಮೊದಲ ಭಾನುವಾರದ ಅಂಕಿಯನ್ನು ನೋಡಿದಾಗ ನನಗಾದ ನಾಚಿಕೆ ಇಂದಿಗೂ ನೆನಪಿದೆ. ನಳ ಕಸಿದುಕೊಂಡಿದ್ದ ಎಣಿಕೆಯನ್ನು ಆ ತೂಕದ ಯಂತ್ರ ಮರಳಿ ಕೊಟ್ಟಿತು.

ಅಳತೆ ಇಲ್ಲದಿರುವುದರ ಒಳ್ಳೆಯ ಮುಖ ಕಂಡದ್ದು ಆಮೇಲೆ. 473 ಮಿಲಿಲೀಟರಿನ ದೊಡ್ಡ ಗ್ಲಾಸುಗಳನ್ನು ಕೊಟ್ಟುಬಿಟ್ಟು, 200 ಮಿಲಿಲೀಟರು ಹಿಡಿಯುವ, ನಮ್ಮ ಹೋಟೆಲುಗಳಲ್ಲಿ ನೀರು ಕೊಡುವಂಥ ಸಣ್ಣ ಗ್ಲಾಸುಗಳನ್ನು ತಂದೆವು. ಬಾಟಲಿಯಿದ್ದಾಗ ಎಂದೂ ಸಾಧ್ಯವಾಗದಿದ್ದ ಒಂದು ಕೆಲಸ ನಳದಿಂದ ಸಾಧ್ಯವಾಯಿತು: ಬೇಕೆನಿಸಿದಾಗ ಕಾಲು ಗ್ಲಾಸು ಹಿಡಿದು, ಕುಡಿದು, ಅಷ್ಟಕ್ಕೇ ನಿಲ್ಲಿಸುವುದು. ಉಳಿದದ್ದು ನಾಳೆಯೂ ಅಲ್ಲಿಯೇ ಇರುತ್ತದೆ, ಬಹುಶಃ ಇಂದಿಗಿಂತ ರುಚಿಯಾಗಿರುತ್ತದೆ. ನಮ್ಮ ಊರಿನ ಕೆಲವು ಓಣಿಗಳಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವಾಗ ಕೊಡ, ಬಕೆಟ್ಟು, ಡ್ರಮ್ಮುಗಳ ಜೊತೆಗೆ ಚರಿಗೆಯನ್ನೂ ತುಂಬಿಡುತ್ತೇವೆ. ಇಪ್ಪತ್ತನಾಲ್ಕು ತಾಸು ನೀರಿರುವ ಮನೆಯಲ್ಲಿ ಯಾರೂ ಚರಿಗೆ ತುಂಬಿಡುವುದಿಲ್ಲ. ವಾರಕ್ಕೊಮ್ಮೆ ಬಾರಿಗೆ ಹೋಗುವವನು ಒಳಗಿನ ಚರಿಗೆಯನ್ನೂ ತುಂಬಿಸಿಕೊಂಡೇ ಹೊರಬರುತ್ತಾನೆ. ಸದಾ ನೀರಿರುವ ಮನೆಯಲ್ಲಿ ನಳ ತೆರೆದಿಟ್ಟು ಮರೆಯುವವರೂ ಇರುತ್ತಾರೆ. ಮೊದಲ ಕೆಗ್ಗಿನ ಕಾಲದಲ್ಲಿ ನಾನು ಅವರಲ್ಲೊಬ್ಬನಾಗಿದ್ದೆ.

ಎರಡನೆಯ ಬದಲಾವಣೆ ಬಿಯರಿನ ಬಲದಲ್ಲಿ ಆಯಿತು. ತಯಾರಿಸುವವನು ನಾನೇ ಆದ್ದರಿಂದ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಕಡಿಮೆ ಹಾಕಿ 3.6 ಪ್ರತಿಶತಕ್ಕೆ ಇಳಿಸಿದೆ. ಇಂಗ್ಲೆಂಡಿನಲ್ಲಿ ಬಿಟರ್, ಮೈಲ್ಡ್ ಎಂಬ ಹೆಸರಿನ ಇಂಥ ತೆಳುವಾದ ಬಿಯರುಗಳು ಬಹಳ ಹಿಂದಿನಿಂದ ಇವೆ. ತೆಳುವಾದದ್ದರಲ್ಲಿ ತಪ್ಪುಗಳು ಬೇಗ ನಾಲಿಗೆಗೆ ಸಿಗುವುದರಿಂದ ಅದನ್ನು ಚೆನ್ನಾಗಿ ಮಾಡುವುದು ಬಲವಾದದ್ದನ್ನು ಮಾಡುವುದಕ್ಕಿಂತ ಕಷ್ಟವೆಂಬುದು ನನ್ನ ಅನುಭವ. ಅಮಲಿಗಿಂತ ಕೈಚಳಕದಲ್ಲಿ ಆಸಕ್ತಿ ಬೆಳೆದದ್ದು ಅಲ್ಲಿಂದಲೇ. ಒಂದು ಕೆಗ್ ಮುಗಿಯುವವರೆಗೆ ಇನ್ನೊಂದನ್ನು ತಯಾರಿಸಲು ತೊಡಗುವುದಿಲ್ಲವೆಂದೂ ಗೊತ್ತುಮಾಡಿಕೊಂಡೆವು. ಹುದುಗಿ, ತಿಳಿಯಾಗಿ, ಅನಿಲ ಬೆರೆಯಲು ಮೂರ್ನಾಲ್ಕು ವಾರ ಬೇಕಾಗುವುದರಿಂದ ಆ ಅವಧಿಯಲ್ಲಿ ಮನೆಯ ನಳ ಒಣಗಿಯೇ ಇರುತ್ತಿತ್ತು.

ನಾಲ್ಕನೆಯ ಕೆಗ್ ಎರಡು ತಿಂಗಳು ಬಂದಿತು. ಅತಿಥಿಗಳ ಐದು ಲೀಟರನ್ನು ಕಳೆದು ಲೆಕ್ಕ ಹಾಕಿದರೆ ನನ್ನ ಪಾಲಿಗೆ ವಾರಕ್ಕೆ ಮೂರು ಪಾನಗಳಿಗಿಂತ ತುಸು ಹೆಚ್ಚು, ಅಂದರೆ ಬಾಟಲಿಗಳ ಕಾಲದ ಅರ್ಧದಷ್ಟು. ಆದರೆ ಹಿಂದೆ ವಾರದಲ್ಲಿ ಎರಡು ದಿನ ಕುಡಿಯುತ್ತಿದ್ದವನು ಈಗ ನಾಲ್ಕೈದು ದಿನ ಗ್ಲಾಸು ಹಿಡಿಯುತ್ತಿದ್ದೆ. ಇದನ್ನು ನಾನು ಗೆಲುವೆಂದು ಹೇಳಲಾರೆ. ಊಟದ ಮುಂಚೆ ಕೈ ತಾನಾಗಿ ನಳದ ಕಡೆಗೆ ಹೋಗುವುದು ಗ್ಲಾಸು ಎಷ್ಟೇ ಸಣ್ಣದಿದ್ದರೂ ಅಭ್ಯಾಸವೇ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಜೊತೆಗೆ, ನಿಲ್ಲಿಸಲು ಆಗದವರಿಗೆ ತೂಕದ ಯಂತ್ರವೂ ಸಣ್ಣ ಗ್ಲಾಸೂ ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಜೊತೆ ಬಿಯರ್ ತಯಾರಿಸುತ್ತಿದ್ದ ಒಬ್ಬ ಗೆಳೆಯ ಆರು ತಿಂಗಳಲ್ಲಿ ಇದನ್ನು ತನ್ನ ವಿಷಯದಲ್ಲಿ ಕಂಡುಕೊಂಡು, ನಳವನ್ನು ಬಿಚ್ಚಿ, ಸಾಮಾನನ್ನೆಲ್ಲ ಮಾರಿ, ಮದ್ಯವನ್ನೇ ಬಿಟ್ಟ. ಅವನದು ನನ್ನದಕ್ಕಿಂತ ದೊಡ್ಡ ನಿರ್ಧಾರವೆಂದು ನಾನು ಅಂದೂ ತಿಳಿದಿದ್ದೆ, ಇಂದೂ ತಿಳಿದಿದ್ದೇನೆ.

"ಹಂಗಾದ್ರ ಇಲ್ಲೂ ಒಂದು ಹಚ್ಚೂಣಲ್ಲ ಕಾಕಾ" ಎಂದು ನನ್ನ ಅಣ್ಣನ ಮಗ ಕೇಳಿದ್ದಾನೆ. ಆಗುವುದಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು, ಮನೆಯ ಬಳಕೆಗೆಂದರೂ, ಅಪರಾಧ. ಆದ್ದರಿಂದ ಇಲ್ಲಿಗೆ ಬಂದ ಮೇಲೆ ನಾನು ಬಿಯರ್ ತಯಾರಿಸಿಲ್ಲ. ತಿಂಗಳಿಗೊಮ್ಮೆ ಗೆಳೆಯರ ಜೊತೆ ಕುಳಿತಾಗ 650 ಮಿಲಿಲೀಟರಿನ ಬಾಟಲಿ ತೆರೆಯುತ್ತೇನೆ. ತೆರೆದ ಮೇಲೆ ಬಿಡಲಾಗದೆ, ಸಾಕೆನಿಸಿದ ಮೇಲೂ ಕೊನೆಯ ಗ್ಲಾಸನ್ನು ಮುಗಿಸುತ್ತೇನೆ.

ಒಂದು ಕೆಗ್ಗನ್ನೂ ನಳವನ್ನೂ ಸಾಮಾನಿನ ಜೊತೆ ತಂದಿದ್ದೆ. ಕಳೆದ ಬೇಸಿಗೆಯಲ್ಲಿ ಬಿಸಿಲು 43 ಡಿಗ್ರಿ ಮುಟ್ಟಿದಾಗ ಅದಕ್ಕೆ ನೀರು ತುಂಬಿ, ಅನಿಲ ಹಾಯಿಸಿ ಸೋಡಾ ಮಾಡಿದೆ. ಲಿಂಬೆರಸವನ್ನೂ ಸಕ್ಕರೆಯನ್ನೂ ಗ್ಲಾಸಿನಲ್ಲಿ ಬೆರೆಸಿಕೊಂಡರಾಯಿತು. ಮೊದಲ ಕೆಗ್ಗನ್ನು ಮಕ್ಕಳು ಮೂರೇ ದಿನದಲ್ಲಿ ಮುಗಿಸಿ, ಸಕ್ಕರೆಯ ಡಬ್ಬಿಯನ್ನೂ ಬರಿದು ಮಾಡಿದರು. ಎರಡನೆಯದನ್ನು ತುಂಬಿದ ದಿನ ನನ್ನ ಹೆಂಡತಿ ಸಣ್ಣ ಗ್ಲಾಸುಗಳನ್ನು ಕೆಳಗಿನ ಕಪಾಟಿಗೆ ಇಳಿಸಿ, ಮಗಳ ಕೈಗೆ ಚಾಕ್‌ಪೀಸು ಕೊಟ್ಟು, ಕೆಗ್ಗಿನ ತೂಕವನ್ನು ಬಾಗಿಲ ಮೇಲೆ ಬರೆಯಿಸಿದಳು.